ಪಿಟೀಲಿನ ಸರದಿ

ಮೈಸೂರಿನಲ್ಲಿ ವೀಣೆ ಕಲಿತ ಜಲಜಾ ಜಪಾನಿನ ಸೆಂಡಾಯ್‌ಗೆ ಬಂದು ಬ್ಯಾಂಜೋ ಹಿಡಿದಳು ಅಂತ ಅವಳತ್ತೆ ಈಗಲೂ ಹಣೆ ಚಚ್ಚಿಕೊಳ್ತಾರೆ. ಚಚ್ಚಿಕೊಳ್ಳಲಿ ಬಿಡಿ! ಕಲಿಸಿದವರು ಒನೊದೆರಾ-ಸಾನ್. ಹಗಲು ಮೀನು ಕೊಯ್ದು, ಸಂಜೆ ಅಮೆರಿಕದ ಹಳ್ಳಿಸಂಗೀತವಾದ ಬ್ಲೂಗ್ರಾಸನ್ನು ಪಿಟೀಲಿನಲ್ಲಿ ಕುಯ್ಯುವ ಮುಂಗೋಪಿ ಮುದುಕರು. ವೀಣೆಯ ತಾಳದ ತಂತಿ ಮೀಟಿ ಪಳಗಿದವಳಿಗೆ ಬ್ಯಾಂಜೋದ ಗಿಡ್ಡ ತಂತಿ ಬೇಗ ಒಲಿಯಿತು. "ಸ್ವರ ಅಲ್ಲಾಡಿಸಬೇಡ, ನೆಟ್ಟಗೆ ನುಡಿಸು!" ಅಂತ ಬೈದು ಬೈದೇ ಅವರು ಅವಳನ್ನು ವೇದಿಕೆ ಹತ್ತಿಸಿದರು. ಒಸಾಕಾವರೆಗೂ ಹೆಸರಾಯಿತು.

ಆಮೇಲೆ ಆ ಮಾರ್ಚ್ ಬಂತು, ಸುನಾಮಿಯ ಮಾರ್ಚ್. ಸಮುದ್ರ ಒನೊದೆರಾ-ಸಾನ್ ಅವರ ಹೆಂಡತಿ, ಮನೆ, ಪಿಟೀಲು ಎಲ್ಲವನ್ನೂ ಒಯ್ದಿತು. ಮನೆ ಕಳೆದುಕೊಂಡವರ ಶಿಬಿರವಾಗಿದ್ದ ಶಾಲೆಯ ಜಿಮ್‌ನಲ್ಲಿ ರಟ್ಟಿನ ಗೋಡೆಗಳ ನಡುವೆ ಕೂತು, "ಇನ್ನು ನುಡಿಸಲ್ಲ" ಅಂದುಬಿಟ್ಟರು. ದುಃಖದ ಕಾಲದಲ್ಲಿ ಹಾಡು ಸಲ್ಲದು ಅಂತ ಊರಿಗೆ ಊರೇ ಬಾಯಿ ಮುಚ್ಚಿತ್ತು.

ಗಂಡ ರಾಘವ್ ಟಿಕೆಟ್ ಮಾಡಿಸಿದ. "ಎಲ್ರೂ ಬೆಂಗಳೂರಿಗೆ ಹೊರಟ್ರು ಕಣೆ, ಅಣುಸ್ಥಾವರ ಒಡೆದಿದೆ, ರೇಡಿಯೇಶನ್ನು!"

"ನೀವು ಹೋಗ್ರೀ. ಗುರುಗಳು ಹೀಗೆ ಕೂತಿರೋವಾಗ ನಾನು ಓಡಿಹೋದ್ರೆ, ಕಲಿತ ವಿದ್ಯೆಗೆ ಬೆಂಕಿ ಬೀಳ್ಲಿ."

ಅವನೂ ಹೋಗಲಿಲ್ಲ, ಪಾಪ.

ಮೇ ತಿಂಗಳ ಒಂದು ಭಾನುವಾರ ಗುರುಗಳ ಬ್ಲೂಗ್ರಾಸ್ ತಂಡವನ್ನು ಜಿಮ್‌ಗೆ ಎಳೆದುಕೊಂಡು ಹೋದಳು. ಎರವಲು ತಂದ ಪಿಟೀಲನ್ನು ಮುದುಕರ ಹಾಸಿಗೆ ಪಕ್ಕ ಇಟ್ಟಳು. ಅವರು ಮುಖ ತಿರುಗಿಸಿದರು.

"ಸುಮಿಮಾಸೆನ್, ಕ್ಷಮಿಸಿ, ಒಂದೇ ಹಾಡು. ಮೆಲ್ಲಗೆ," ಅಂದ ಶಿಬಿರದ ಮೇಲ್ವಿಚಾರಕ.

"ಬ್ಯಾಂಜೋಗೆ ಮೆಲ್ಲಗೆ ಬರಲ್ಲ," ಅಂದಳು ಜಲಜಾ.

ಬ್ಲೂಗ್ರಾಸ್‌ನಲ್ಲಿ ಎಲ್ಲರಿಗೂ ಒಂದೇ ಮೈಕು. ಸರದಿ ಬಂದವರು ಮುಂದೆ ಬಂದು ನುಡಿಸಬೇಕು, ಉಳಿದವರು ಹಿಂದೆ ಸರಿದು ತಾಳ ಹಿಡಿಯಬೇಕು. ಮ್ಯಾಂಡೊಲಿನ್ ಆಯಿತು, ಬ್ಯಾಂಜೋ ಆಯಿತು. ಪಿಟೀಲಿನ ಸರದಿ ಬಂದಾಗ ಮೈಕಿನ ಮುಂದೆ ಯಾರೂ ಇಲ್ಲ. ಗಿಟಾರಿನವನು ಹೆಜ್ಜೆ ಮುಂದಿಟ್ಟ. ಜಲಜಾ ಮೊಣಕೈಯಲ್ಲಿ ತಿವಿದಳು.

"ಅದು ಅವರ ಸರದಿ!"

ತಾಳ ಸುತ್ತಿತು, ಮತ್ತೆ ಸುತ್ತಿತು. ಮೇಲ್ವಿಚಾರಕ ಗಡಿಯಾರ ತೋರಿಸಿದ. ಅವಳ ಬೆರಳು ಉರಿಯುತ್ತಿತ್ತು, ಆದರೂ ಮೀಟುತ್ತಲೇ ಕೂಗಿದಳು.

"ಒನೊದೆರಾ-ಸಾನ್! ನೀವು ಬರೋವರೆಗೂ ಈ ಹಾಡು ಮುಗಿಯಲ್ಲ. ನಾಳೆ ಬೆಳಗಾದ್ರೂ ಸರಿ!"

ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿ ತಾಳ ಹಿಡಿದರು. ಆಮೇಲೆ ಪಕ್ಕದವರು. ಆಮೇಲೆ ಇಡೀ ಸಾಲು.

ರಟ್ಟಿನ ಗೋಡೆ ಅಲ್ಲಾಡಿತು. ಮುದುಕರು ಬರಿಗಾಲಲ್ಲಿ ಬಂದು ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡರು. ಅಯ್ಯೋ, ಅಪಸ್ವರವೋ ಅಪಸ್ವರ! ಕಣ್ಣೀರು ಸುರಿಯುತ್ತಿದ್ದರೂ ತಮ್ಮ ಸರದಿ ಪೂರ್ತಿ ನುಡಿಸಿದರು. ನಂತರ ಜಲಜಾಳ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದರು.

"ತಾಳ ಓಡಿಸ್ತಿದ್ದೀಯ! ಮೊದಲಿಂದ ಶುರುಮಾಡು."