ಬಾಯಿಬಿಟ್ಟು ಕೇಳಿದ ಟೀ ದುಡ್ಡು

ಮಕಾವಿನ ಕ್ಯಾಸಿನೊ ಒಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಇಸ್ಪೀಟು ಹಂಚುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಗೆದ್ದವರ ಹತ್ತಿರ ಬಾಯಿಬಿಟ್ಟು ಟೀ ದುಡ್ಡು ಕೇಳಿದ್ದು ಒಂದೇ ಒಂದು ಸಲ. ಆ ಒಂದು ಸಲಕ್ಕೆ ನನ್ನ ಫೈಲಿನಲ್ಲಿ ಒಂದು ಮೆಮೊ ಕೂತಿದೆ. ಕೂತಿರಲಿ, ನನಗೇನೂ ನಾಚಿಕೆಯಿಲ್ಲ.

ಟೀ ದುಡ್ಡಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಗೆದ್ದವರು ಮೇಜು ಬಿಟ್ಟು ಏಳುವಾಗ ತಾವಾಗಿಯೇ ದುಡ್ಡಿನ ಬದಲು ಆಡುವ ಒಂದೆರಡು ಬಿಲ್ಲೆಯನ್ನು ನಮ್ಮ ಕಡೆ ತಳ್ಳುತ್ತಾರೆ. ನಾವು ಅದನ್ನು ಮೇಜಿಗೆ ಎರಡು ಸಲ ಕುಟ್ಟಿ, ಪಕ್ಕದ ಡಬ್ಬಿಗೆ ಹಾಕಿ, ಅಂಗೈ ಎರಡನ್ನೂ ತಿರುಗಿಸಿ ಮೇಲಿನ ಕ್ಯಾಮೆರಾಕ್ಕೆ ತೋರಿಸುತ್ತೇವೆ. ಡಬ್ಬಿಯಲ್ಲಿರುವುದು ಎಲ್ಲರಿಗೂ ಸೇರಿದ್ದು. ನಮ್ಮ ಸಮವಸ್ತ್ರಕ್ಕೆ ಜೇಬೇ ಇಲ್ಲ. ಕೇಳುವ ಹಾಗಿಲ್ಲ, ಕೇಳುವವರ ಹಾಗೆ ಮುಖ ಮಾಡುವಂತೆಯೂ ಇಲ್ಲ. ಆಡುವವರದ್ದೂ ಒಂದು ನೇಮವಿದೆ. ಟೀ ದುಡ್ಡು ಕೊಟ್ಟ ಮೇಲೆ ಅವತ್ತು ಮತ್ತೆ ಕೂರಬಾರದು. ಕೊಟ್ಟ ಬಿಲ್ಲೆಯ ಹಿಂದೆಯೇ ಅದೃಷ್ಟವೂ ಎದ್ದು ಹೋಗುತ್ತದೆ ಅನ್ನುವುದು ಅವರ ನಂಬಿಕೆ. ಲಕ್ಷಗಟ್ಟಲೆ ಆಡುವವರೂ ಇದನ್ನು ಮೀರಿದ್ದನ್ನು ನಾನು ಕಂಡಿಲ್ಲ.

ಫೋಂಗಮ್ಮ ಕೆಂಪು ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವಳು. ನನ್ನ ಮನೆ ಅಲ್ಲೇ ಹಿಂದಿನ ಗಲ್ಲಿಯಲ್ಲಿ, ಹದಿನಾಲ್ಕು ವರ್ಷದಿಂದ ಸೊಪ್ಪು ಅವಳ ಹತ್ತಿರವೇ. ಏನು ಕೊಂಡರೂ ಎರಡೆಸಳು ಈರುಳ್ಳಿ ಸೊಪ್ಪನ್ನು ಕೊಸರು ಹಾಕುತ್ತಾಳೆ. ಆದರೆ ಕೇಳಿದಿರೋ, ಕೆಟ್ಟಿರಿ. "ಕೊಡೋಳು ನಾನಿಲ್ಲಿ ನಿಂತಿಲ್ವಾ? ಮಧ್ಯೆ ನಿನ್ ಬಾಯಿ ಯಾಕೆ?" ಅಂತ ಕೈಗೆತ್ತಿಕೊಂಡ ಸೊಪ್ಪನ್ನೂ ಬುಟ್ಟಿಗೆ ವಾಪಸು ಎಸೆಯುವ ಹೆಂಗಸು.

ಅವಳ ಎಡಗೈಯಲ್ಲಿ ಒಂದು ಹಸಿರುಕಲ್ಲಿನ ಬಳೆ ಇತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಅವಳ ಅಮ್ಮ ತೊಡಿಸಿದ್ದು. ತೂಗುವಾಗ ತಕ್ಕಡಿಗೆ ತಗುಲಿ ಟಿಣ್ ಅನ್ನುತ್ತಿತ್ತು. ಒಂದು ದಿನ ನೋಡಿದರೆ ಕೈ ಬೋಳು, ಹೆಬ್ಬೆರಳಿನ ಬುಡದಲ್ಲಿ ಚರ್ಮ ತರಚಿದೆ. ನಾನು ಕೇಳಲಿಲ್ಲ. ಪಕ್ಕದ ಮೀನಿನಂಗಡಿಯ ಲಾಮ್ ತಾನಾಗಿಯೇ ಉಸುರಿದ.

"ಗಿರವಿ ಅಂಗಡಿ ಸೇರ್ತು ಕಣಕ್ಕಾ. ಸೋಪು ಹಚ್ಚಿ ಎಳೆದ್ರಂತೆ. ಎಲ್ಲಾ ನಿಮ್ ಕ್ಯಾಸಿನೊ ಪುಣ್ಯ."

"ನಮ್ ಕ್ಯಾಸಿನೊ ಏನು ಕೈ ಹಿಡಿದು ಎಳ್ಕೊಂಡು ಬರುತ್ತೇನೋ?"

"ಇಲ್ಲಪ್ಪಾ, ಬಿಟ್ಟಿ ಬಸ್ಸು ಕಳಿಸುತ್ತೆ ಅಷ್ಟೇ. ಬಿಡಿಸ್ಕೋಬೇಕು ಅಂದ್ರೆ ಬಡ್ಡಿ ಸೇರಿ ತೊಂಬತ್ತು ಸಾವಿರ ಬೇಕು. ಮೂರು ತಿಂಗಳು ಗಡುವು. ಆಮೇಲೆ ಅಂಗಡಿಯವನದ್ದೇ."

ಅವತ್ತಿನಿಂದ ಫೋಂಗಮ್ಮ ಎಡಗೈಯನ್ನು ಏಪ್ರನ್ನಿನ ಒಳಗೆ ಮುಚ್ಚಿಕೊಂಡು ಒಂದೇ ಕೈಯಲ್ಲಿ ವ್ಯಾಪಾರ ಮಾಡತೊಡಗಿದಳು. ಕೊಸರು ಮಾತ್ರ ತಪ್ಪಿಸಲಿಲ್ಲ. ನನಗೆ ಅದನ್ನು ನೋಡುವುದೇ ಹಿಂಸೆಯಾಗುತ್ತಿತ್ತು.

ಗಡುವು ಮುಗಿಯುವುದಕ್ಕೆ ಒಂದು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಅವಳು ನೇರವಾಗಿ ನನ್ನ ಮೇಜಿಗೇ ಬಂದು ಕೂತಳು. ಕೈಯಲ್ಲಿ ಎಂಟು ಸಾವಿರ ಹಾಂಕಾಂಗ್ ಡಾಲರು. ಮಾರ್ಕೆಟ್ಟಿನಲ್ಲಿ ನಡೆಯುವುದು ಮಕಾವಿನ ದುಡ್ಡಾದ ಪತಾಕಾ, ನಮ್ಮ ಮೇಜಿನ ಮೇಲೆ ಡಾಲರೇ.

"ಏಯ್ ಕ್ವಾನಾ, ಇವತ್ತು ಒಳ್ಳೇ ಎಲೆ ಹಾಕೇ."

"ಬಾಜಿ ಇಡಿ ಅಮ್ಮಾ," ಅಂದೆ. ಮೇಜಿನ ಮುಂದೆ ನಮಗೆ ಯಾರೂ ನೆಂಟರಲ್ಲ.

ನಮ್ಮ ಆಟ ಸುಲಭದ್ದು. ಎರಡು ಕಡೆ ಎಲೆ ಬೀಳುತ್ತದೆ, ಚುಕ್ಕಿಗಳ ಮೊತ್ತ ಒಂಬತ್ತಕ್ಕೆ ಹತ್ತಿರ ಬಂದ ಕಡೆ ಗೆಲ್ಲುತ್ತದೆ. ಯಾವ ಕಡೆ ಅಂತ ಹೇಳುವುದಷ್ಟೇ ಆಡುವವರ ಕೆಲಸ. ಅವತ್ತು ಫೋಂಗಮ್ಮ ಹೇಳಿದ ಕಡೆಯೇ ಬಿತ್ತು. ಮತ್ತೆ ಬಿತ್ತು. ಎಲೆಯ ಅಂಚನ್ನು ಉಗುರಿನಲ್ಲಿ ಕೂದಲೆಳೆಯಷ್ಟೇ ಎತ್ತಿ ಇಣುಕಿ, ಬೇಡದ ಎಣಿಕೆ ತೊಲಗಲಿ ಅಂತ ಎಲೆಗೆ ಊದುತ್ತಿದ್ದಳು. ಹಿಂದೆ ಜನ ಸೇರಿದರು. ಚಿನ್ನದ ಹಲ್ಲಿನ ಒಬ್ಬ ಗಂಡಸು ಅವಳ ಜೊತೆಗೇ ಬಾಜಿ ಕಟ್ಟುತ್ತಾ "ಊದಮ್ಮಾ ಊದು, ಚುಕ್ಕಿ ಹಾರಿಹೋಗೋ ಹಂಗೆ ಊದು!" ಅಂತ ಕೂಗುತ್ತಿದ್ದ. ಐದು ಗಂಟೆಯ ಹೊತ್ತಿಗೆ ಅವಳ ಮುಂದೆ ಒಂದು ಲಕ್ಷದ ನಲವತ್ತು ಸಾವಿರ ಇತ್ತು. ಬಳೆ ಬಂತು ಅಂತಲೇ ನಾನು ಅಂದುಕೊಂಡೆ.

ಅವಳು ಏಳಲಿಲ್ಲ.

ಒಂದಾಟ ಸೋತಳು. ಇನ್ನೊಂದು ಸೋತಳು. ಲಕ್ಷದ ಹತ್ತು ಸಾವಿರಕ್ಕೆ ಇಳಿಯಿತು. ನಾನು ಆಡುವವರ ಮುಖ ನೋಡುವುದಿಲ್ಲ, ಮುಖ ಸುಳ್ಳು ಹೇಳುತ್ತದೆ. ಕೈ ನೋಡುತ್ತೇನೆ, ಇದರಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಇಲ್ಲ. ಫೋಂಗಮ್ಮನ ಬಲಗೈ ಹೋಗಿ ಎಡಗೈಯ ಬೋಳು ಮಣಿಕಟ್ಟನ್ನು ತಿಕ್ಕುತ್ತಿತ್ತು. ಹೀಗೆ ತಿಕ್ಕುವ ಕೈ ಮುಂದೆ ಏನು ಮಾಡುತ್ತದೆ ಅಂತ ನನಗೆ ಗೊತ್ತು. ಹಾಗೇ ಆಯಿತು. ಐವತ್ತು ಸಾವಿರದ ಬಿಲ್ಲೆಗಳನ್ನು ಒಟ್ಟಿಗೆ ಮುಂದಕ್ಕೆ ತಳ್ಳಿದಳು. ಇದೊಂದು ಸೋತರೆ ಉಳಿಯುವುದು ಅರವತ್ತು, ಬಳೆಗೆ ಸಾಲದು. ಸಾಕಾಗದ ದುಡ್ಡನ್ನು ಹಿಡಿದುಕೊಂಡು ಎದ್ದುಹೋಗುವ ಜೂಜುಕೋರರು ಹುಟ್ಟಿಲ್ಲ.

ಎದ್ದು ಮನೆಗೆ ಹೋಗಿ ಅಂತ ನಾನು ಹೇಳಿದರೆ ಕೆಲಸ ಹೋಗುತ್ತದೆ. ಹೋಗಲಿ ಅಂದರೂ ಪ್ರಯೋಜನವಿಲ್ಲ, ಏಳು ಅಂದವರ ಮೇಲಿನ ಹಟಕ್ಕೇ ಇನ್ನೂ ಹತ್ತಾಟ ಆಡುವವಳು ಅವಳು. ನನ್ನ ಕೈ ಎಲೆಯ ಪೆಟ್ಟಿಗೆಯ ಮೇಲಿತ್ತು. ಅಲ್ಲೇ ನಿಲ್ಲಿಸಿದೆ.

"ಫೋಂಗಮ್ಮಾ, ಇಷ್ಟೊಂದು ಗೆದ್ರಿ. ನಮ್ಗೊಂದು ಟೀ ಕುಡಿಸಲ್ವಾ?"

ನಮ್ಮ ಸೂಪರ್‌ವೈಸರ್ ಚಿಯೋನ ಕತ್ತು ನನ್ನ ಕಡೆ ಸರಕ್ಕನೆ ತಿರುಗಿತು.

"ಏನಂದೆ?" ಅಂದಳು ಫೋಂಗಮ್ಮ.

"ಟೀ ದುಡ್ಡು ಅಂದೆ ಅಮ್ಮಾ."

"ಬಾಯಿಬಿಟ್ಟು ಕೇಳ್ತೀಯಲ್ಲೇ! ಭಿಕ್ಷೆ ಎತ್ತೋಕೆ ಈ ಕೋಟು ಹಾಕ್ಕೊಂಡು ನಿಂತಿದ್ದೀಯಾ?"

"ಥೂ, ಶಕುನಾನೇ ಕೆಡಿಸಿಬಿಟ್ಲು!" ಅಂತ ಚಿನ್ನದ ಹಲ್ಲಿನವನು ತನ್ನ ಬಿಲ್ಲೆ ಎಳೆದುಕೊಂಡ.

ಫೋಂಗಮ್ಮನ ಮುಖ ಕೆಂಡವಾಗಿತ್ತು. ಐವತ್ತು ಸಾವಿರವನ್ನು ಎರಡೂ ಕೈಯಲ್ಲಿ ಬಾಚಿ ವಾಪಸು ತೆಗೆದುಕೊಂಡಳು. ಐನೂರರ ಒಂದು ಬಿಲ್ಲೆಯನ್ನು ನನ್ನ ಎದೆಗೆ ತಾಗುವ ಹಾಗೆ ಎಸೆದಳು. "ತಗೋ. ಕುಡಿ. ಹೊಟ್ಟೆ ಬಿರಿಯೋ ಹಂಗೆ ಕುಡಿ."

ನಾನು ಬಿಲ್ಲೆಯನ್ನು ಹೆಕ್ಕಿ, ಎರಡು ಸಲ ಕುಟ್ಟಿ, ಡಬ್ಬಿಗೆ ಹಾಕಿ, ಅಂಗೈ ತೋರಿಸಿದೆ.

ಅಷ್ಟರಲ್ಲಿ ಚಿಯೋ ಓಡಿಬಂದ. "ಅಮ್ಮಾ, ಕ್ಷಮಿಸಿ, ಕೂತ್ಕೊಳ್ಳಿ. ಈಗಲೇ ಬೇರೆಯವರನ್ನ ಹಾಕ್ತೀನಿ, ನೀವು ಆಡಿ."

ಫೋಂಗಮ್ಮ ಕುರ್ಚಿಯನ್ನು ನೋಡಿದಳು, ಆಮೇಲೆ ಡಬ್ಬಿಯನ್ನು ನೋಡಿದಳು.

"ಟೀ ಕೊಟ್ಟಾಯ್ತಲ್ಲ, ಇನ್ನೇನು ಕೂರೋದು? ನಿಮ್ಮಪ್ಪ ಬಂದು ಕೂರ್ತಾನಾ?" ಅಂದವಳೇ ಬಿಲ್ಲೆಗಳನ್ನು ಮಡಿಲಿಗೆ ತುಂಬಿಕೊಂಡು ನಗದು ಮಾಡಿಸುವ ಕಿಟಕಿಯ ಕಡೆ ದಡದಡನೆ ನಡೆದಳು.

ಚಿಯೋ ನನ್ನನ್ನು ಪಕ್ಕಕ್ಕೆ ಕರೆದ. "ಕ್ವಾನಕ್ಕಾ, ನಿಮ್ಗೇನು ತಲೆ ಕೆಟ್ಟಿದ್ಯಾ? ಇಪ್ಪತ್ಮೂರು ವರ್ಷಕ್ಕೆ ಒಂದು ಕಪ್ಪು ಚುಕ್ಕೆ ಇರಲಿಲ್ಲ!"

"ಬಾಯಿ ಒಣಗಿತ್ತು ಸಾರ್."

"ಮೆಮೊ ಬರೀಬೇಕಾಗುತ್ತೆ."

"ಬರೀರಿ. ಸ್ವಲ್ಪ ದಪ್ಪಕ್ಷರದಲ್ಲೇ ಬರೀರಿ."

ಹೀಗೆ ಅಂದೆನಾದರೂ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಮುಖ ತೊಳೆದುಕೊಂಡೆ. ಭಿಕ್ಷೆ ಅನ್ನುವ ಮಾತು ನಾಟಿತ್ತು. ಅಷ್ಟು ಜನರ ಮುಂದೆ, ಅದೂ ಅವಳ ಬಾಯಲ್ಲಿ.

ಭಾನುವಾರ ಮಾರ್ಕೆಟ್ಟಿಗೆ ಹೋದೆ. ಸುದ್ದಿ ನನಗಿಂತ ಮುಂಚೆಯೇ ತಲುಪಿತ್ತು. "ಏನಕ್ಕಾ, ಟೀ ಆಯ್ತಾ?" ಅಂತ ಲಾಮ್ ಮೀನಿನ ಹಿಂದಿನಿಂದ ಹಲ್ಲು ಕಿಸಿದ. ನಾನು ಅವನನ್ನು ದಾಟಿ ಫೋಂಗಮ್ಮನ ಮುಂದೆ ನಿಂತು ಅರ್ಧ ಕೆಜಿ ಸೊಪ್ಪು ಕೇಳಿದೆ. ಅವಳು ತಕ್ಕಡಿಗೆ ಸೊಪ್ಪು ಹಾಕಿದಳು.

ಟಿಣ್ ಅಂದಿತು.

ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಸೊಪ್ಪನ್ನು ಚೀಲಕ್ಕೆ ತುರುಕಿ ಕೊಟ್ಟರೂ ಅಲ್ಲೇ ನಿಂತಿದ್ದೆ. ಚೀಲದಲ್ಲಿ ಕೊಸರು ಇರಲಿಲ್ಲ.

"ಮತ್ತೇನು ನಿಂತಿದ್ದೀಯಾ?"

"ಈರುಳ್ಳಿ ಸೊಪ್ಪು?"

"ಕೇಳಿ ಇಸ್ಕೊಳ್ಳೋರಿಗೆ ಒಂದು ಕಟ್ಟಿಗೆ ಮೂರು ಪತಾಕಾ."

ಕೊಟ್ಟೆ. ಅವತ್ತಿನಿಂದ ಪ್ರತಿ ಭಾನುವಾರ ಕೊಡುತ್ತಿದ್ದೇನೆ. ನಿಜ ಹೇಳಿಬಿಟ್ಟರೆ ಕೊಸರೇನೋ ವಾಪಸು ಬಂದೀತು. ಆದರೆ ತನ್ನನ್ನು ಎಬ್ಬಿಸಿದ್ದು ಇನ್ನೊಬ್ಬರ ಉಪಾಯ ಅಂತ ತಿಳಿದರೆ ಆ ಹಟಮಾರಿ ಮರುದಿನವೇ ನಮ್ಮ ಬಿಟ್ಟಿ ಬಸ್ಸು ಹತ್ತುತ್ತಾಳೆ. ಈಗ ನನ್ನ ಮುಖ ನೋಡಬಾರದು ಅಂತಲೇ ಕ್ಯಾಸಿನೊ ಕಡೆ ತಲೆ ಹಾಕುತ್ತಿಲ್ಲವಂತೆ, ಲಾಮ್ ಹೇಳಿದ.

ಸರಿಯಾದ ಚಿಲ್ಲರೆ ಕೈಯಲ್ಲಿದ್ದರೂ ನಾನು ಅವಳಿಗೆ ನೂರರ ನೋಟು ಕೊಡುತ್ತೇನೆ. ಅವಳು ಗೊಣಗುತ್ತಾ ಎಡಗೈಯನ್ನು ತಗಡಿನ ಡಬ್ಬಿಗೆ ಇಳಿಸಿ ಚಿಲ್ಲರೆ ಹುಡುಕುತ್ತಾಳೆ. ಬಳೆ ಇನ್ನೂ ನಾಲ್ಕೈದು ಸಲ ಟಿಣ್ ಅನ್ನುತ್ತದೆ.