ಬದನೆ ಹಿತ್ತಿಲಿಗೆ ಅಡ್ಡ ಹಾಕಿದ ಮುಳ್ಳು

ಬದನೆ ಗಿಡದ ಕುಡಿಗಳು ಬಾಡಿದ್ದಕ್ಕೆ ಸೊಸೆ ರೂಪಶ್ರೀ ಮುಟ್ಟಾಗಿದ್ದೇ ಕಾರಣ ಎಂದು ಚಿಕ್ಕಸಿದ್ದಮ್ಮ ತೀರ್ಪು ಕೊಟ್ಟುಬಿಟ್ಟಳು. ಅದೂ ಪಕ್ಕದ ಮನೆಯ ಪುಷ್ಪಾ ಬೇಲಿಯ ಮೇಲೆ ಸೀರೆ ಹರವುತ್ತಾ ಕಿವಿ ನೆಟ್ಟಗೆ ಮಾಡಿಕೊಂಡಿದ್ದಾಗ.

“ಮುಟ್ಟಾದೋಳು ಗಿಡದ ಮಗ್ಗುಲಿಗೆ ಹೋದ್ರೆ ಇನ್ನೇನಾದದು? ತುದಿಯೆಲ್ಲ ಎಂಗೆ ಜೋತ್ಕಂಡವೆ ನೋಡು. ಕಾಯಿ ಮುಗಿಯೋಗಂಟ ನೀನು ಹಿತ್ಲಿಗೆ ಕಾಲಿಕ್ಕಬ್ಯಾಡ ಕಣವ್ವ.”

ಹೇಳಿದ್ದಷ್ಟೇ ಅಲ್ಲ, ಜಾಲಿಮುಳ್ಳಿನ ದೊಡ್ಡ ಕೊಂಬೆಯೊಂದನ್ನು ಎಳೆದು ತಂದು ಹಿತ್ತಿಲ ಬಾಗಿಲಿಗೆ ಅಡ್ಡ ಹಾಕಿದಳು.

ರೂಪಶ್ರೀಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಹ್ಯಾಂಡ್‌ಪೋಸ್ಟ್ ಪೇಟೆಯ ಹತ್ತಿರದ ಈ ಹಳ್ಳಿಗೆ ಬಂದಾಗ ಆ ಹಿತ್ತಿಲಲ್ಲಿ ಇದ್ದದ್ದು ಒಡೆದ ಹೆಂಚು ಮತ್ತು ಕಳೆ. ಅಗೆದವಳು ಅವಳು, ಸಸಿ ತಂದವಳು ಅವಳು, ನೀರು ಹೊತ್ತವಳೂ ಅವಳೇ. ಮುಟ್ಟಿನ ದಿನಗಳಲ್ಲಿ ಕೊಟ್ಟಿಗೆಯ ಸಗಣಿ ಬಾಚಲು ಅವಳು ಬೇಕು, ಗೊಬ್ಬರದ ಮಂಕರಿ ಹೊರಲು ಅವಳು ಬೇಕು. ಆಗ ದನ ಬಾಡಲಿಲ್ಲ, ಸಗಣಿ ಬಾಡಲಿಲ್ಲ. ಬದನೆ ಮಾತ್ರ ಬಾಡಿತಂತೆ.

ಗಂಡ ಯತೀಶನಿಗೆ ಹೇಳಿದರೆ ಅವನು ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ. “ಅವ್ವ ಹೇಳ್ದಂಗೆ ಕೇಳ್ಬುಡು. ಬದ್ನೇಕಾಯಿ ಅಂಗ್ಡೀಲೂ ಸಿಕ್ತದೆ.”

ಬದನೆಕಾಯಿ ಸಿಗುತ್ತದೆ, ಸರಿ. ಮಾಡದ ತಪ್ಪಿಗೆ ಹೊತ್ತ ದೂರನ್ನು ಇಳಿಸಿಕೊಳ್ಳುವ ಅಂಗಡಿ ಯಾವ ಊರಲ್ಲಿದೆ?

ಮಾರನೆಯ ಬೆಳಿಗ್ಗೆ ಅತ್ತೆ ದನ ಹೊಡೆದುಕೊಂಡು ಹೋದ ಮೇಲೆ, ರೂಪಶ್ರೀ ತಿಪ್ಪೆಯ ಹಿಂದಿನ ಸಂದಿಯಲ್ಲಿ ಕಳ್ಳಿಯ ಹಾಗೆ ತನ್ನದೇ ಹಿತ್ತಿಲಿಗೆ ನುಸುಳಿದಳು. ಬಾಡಿದ ಕುಡಿಯೊಂದನ್ನು ಮುರಿದು ನೋಡಿದರೆ ಸಣ್ಣದೊಂದು ತೂತು, ತೂತಿನ ಬಾಯಲ್ಲಿ ಹಿಕ್ಕೆ. ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು ಬಣ್ಣದ ಹುಳ ಮಿಸುಕಾಡುತ್ತಿತ್ತು.

ಅತ್ತೆ ಬಂದ ಮೇಲೆ ಅದನ್ನು ಅಂಗೈಲಿಟ್ಟು ತೋರಿಸಿದಳು. ಚಿಕ್ಕಸಿದ್ದಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಮುಳ್ಳು ಹಾಕಿದ್ರೂ ಒಳಕ್ಕೋಗಿದ್ದೀಯಾ? ಹುಳ ಸುಮ್‌ಸುಮ್ನೆ ಬಂದದಾ? ನಿನ್ ನೆಳ್ಳಿಗೇ ಬಂದಿರೋದು.”

ಆಮೇಲೆ ಒಲೆಯ ಬೂದಿ ತಂದು ಗಿಡಗಳ ಮೇಲೆಲ್ಲ ಎರಚಿದಳು. ಬೂದಿ ಎಲೆಯ ಮೇಲೆ ಕೂತಿತು. ಹುಳ ದಂಟಿನೊಳಗೆ ಹೊಸ ಅಳಿಯನಂತೆ ನೆಮ್ಮದಿಯಾಗಿ ಉಣ್ಣುತ್ತಿತ್ತು.

ರೂಪಶ್ರೀ ಮತ್ತೆ ವಾದಕ್ಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಸಂದಿಯಲ್ಲಿ ನುಸುಳಿ, ಬಾಡಿದ ಕುಡಿಗಳನ್ನು ಸ್ವಲ್ಪ ಕೆಳಗಿನಿಂದಲೇ ಮುರಿದಳು, ತೂತು ಬಿದ್ದ ಕಾಯಿ ಕಿತ್ತಳು. ತಿಪ್ಪೆಗೆ ಎಸೆದರೆ ಹುಳ ಚಿಟ್ಟೆಯಾಗಿ ಮತ್ತೆ ಬರುತ್ತದೆಂದು ಎಲ್ಲವನ್ನೂ ಉರಿಯುವ ಒಲೆಗೆ ಹಾಕಿದಳು. ಈ ನಡುವೆ ಮತ್ತೆ ಮುಟ್ಟಾದಳು. ಯಾರಿಗೂ ಹೇಳಲಿಲ್ಲ. ಆ ದಿನಗಳಲ್ಲಿ ಬೇಕೆಂದೇ ಒಂದು ಗಿಡವನ್ನೂ ಬಿಡದೆ ಮುಟ್ಟಿದಳು.

ಗಿಡ ಚಿಗುರಿತು, ಕಾಯಿ ತೂಗಿತು. ಚಿಕ್ಕಸಿದ್ದಮ್ಮ ಮೊದಲ ಮೊರ ಕಾಯಿಯನ್ನು ಮಾರಮ್ಮನ ಗುಡಿಗೆ ಕೊಟ್ಟು ಬಂದಳು. “ನಾನು ಮುಳ್ಳು ಹಾಕಿದ್ಕೇ ಉಳ್ಕಂತು,” ಎಂದು ಪುಷ್ಪಾಳಿಗೆ ಸಾರಿದ್ದೂ ಆಯಿತು.

ಅಂದು ಮಧ್ಯಾಹ್ನ ಎಣ್ಣೆಗಾಯಿ. ಅತ್ತೆ ಎರಡನೆಯ ಸಲ ಬಡಿಸಿಕೊಂಡಾಗ ರೂಪಶ್ರೀ ಬಾಯಿಬಿಟ್ಟಳು.

“ಅತ್ತೆ, ಗಿಡ ಉಳ್ಸಿದ್ದು ನಿಮ್ ಮುಳ್ಳಲ್ಲ. ದಿನಾ ಹೋಗಿ ಬಾಡಿದ್ ಕುಡಿ ಮುರ್ದು ಸುಟ್ಟೋಳು ನಾನು. ಮುಟ್ಟಾಗಿದ್ದಾಗ್ಲೂ ಹೋಗಿವ್ನಿ. ಮಾರಮ್ಮಂಗೆ ಕೊಟ್ರಲ್ಲ, ಆ ಕಾಯಿ ಬಿಟ್ಟಿದ್ದೂ ಆಗ್ಲೇ.”

ಚಿಕ್ಕಸಿದ್ದಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಮೆಲ್ಲಗೆ ಹೇಳಿದಳು:

“ನಾನು ಈ ಮನೆಗೆ ಬಂದ ವರ್ಸ ನಮ್ಮತ್ತೆ ನನ್ ಸೋರೆಬಳ್ಳಿ ಬೇರ್ ಸಮೇತ ಕೀಳ್ಸಿದ್ರು. ನಾನ್ ಮುಟ್ಟಿದ್ಕೇ ಬಾಡ್ತು ಅಂತ. ಅದ್ರಾಗೂ ಹುಳಾನೇ ಇತ್ತೋ ಏನೋ.”

ರೂಪಶ್ರೀಗೆ ಕನಿಕರ ಬರಬೇಕಿತ್ತು. ಬಂದದ್ದು ಇನ್ನಷ್ಟು ಸಿಟ್ಟು.

“ಎಷ್ಟು ನೋವಾಯ್ತದೆ ಅಂತ ಗೊತ್ತಿದ್ದೂ ನನ್ ದಾರೀಗೆ ಮುಳ್ಳು ಹಾಕಿದ್ರಲ್ಲ ಅತ್ತೆ.”

ಯತೀಶ ತಟ್ಟೆ ಬಿಟ್ಟು ಎದ್ದ. “ಆಯ್ತು ಬುಡು, ನಾನೇ ತೆಗ್ದಾಕ್ತೀನಿ.”

“ನೀವು ಕೂತ್ಕಳಿ. ಹಾಕ್ದೋರೇ ತೆಗೀಲಿ.”

ಚಿಕ್ಕಸಿದ್ದಮ್ಮ ಕೈ ತೊಳೆದು ಹಿತ್ತಿಲಿಗೆ ಹೋಗಿ ಕೊಂಬೆಯನ್ನು ಎಳೆಯತೊಡಗಿದಳು. ಬೇಲಿಯಾಚೆ ಪುಷ್ಪಾ ಆಗಲೇ ನಿಂತಿದ್ದಳು. “ಯಾಕಕ್ಕ ತೆಗೀತಿದ್ದೀರಿ?”

ಅಂಗೈಗೆ ಚುಚ್ಚಿದ ಮುಳ್ಳನ್ನು ಕೀಳುತ್ತಾ ಚಿಕ್ಕಸಿದ್ದಮ್ಮ ಅಂದಳು: “ಹುಳ ಗಿಡದೊಳ್ಗೆ ಇತ್ತು ಕಣೆ. ನಾನು ತಪ್ಪ ಸೊಸೆ ಮ್ಯಾಲೆ ಹಾಕ್ಬುಟ್ಟೆ.”

ರೂಪಶ್ರೀ ಅದನ್ನು ಕೇಳಿಸಿಕೊಂಡಳು. ಪರವಾಗಿಲ್ಲ ಎನ್ನಲಿಲ್ಲ. ಮಂಕರಿ ಎತ್ತಿಕೊಂಡು ಬಾಗಿಲಿನಿಂದಲೇ ಹಿತ್ತಿಲೊಳಗೆ ಹೋದಳು.