ಪೂರ್ಣಕುಂಭದ ಹುಡುಗಿಯರು

ಕಾಲೇಜಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿದ ಕೂಡಲೇ ಆಶಾರಾಣಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ‘ಬ್ಯಾಸ್ಕೆಟ್‌ಬಾಲ್ ತಂಡದ ನಲವತ್ತು ವರ್ಷಗಳ ಸಾರ್ಥಕ ಪಯಣ’ ಅಂತ ಮೇಲೆ ಬರೆದಿತ್ತು. ಕೆಳಗೆ ಉಮಾಶಂಕರನ ಮುಖ, ಬಾಗಿಲಿನಷ್ಟು ದೊಡ್ಡದು, ಕೈಮುಗಿದು ನಗುತ್ತಿತ್ತು. ತಂಡ ಕಟ್ಟಿದ ಇಮಾಮ್ ಸಾಬರು ಎಲ್ಲಿ ಅಂತ ಹುಡುಕಿದರೆ ಮೂಲೆಯಲ್ಲಿ, ಶಾಮಿಯಾನದವನ ಫೋನ್ ನಂಬರಿನ ಪಕ್ಕ, ಅಂಚೆಚೀಟಿಯಷ್ಟು. ಹಗ್ಗ ಬಿಗಿಯುವಾಗ ಆ ಮೂಲೆಯೂ ಮಡಚಿಹೋಗಿ ಅರ್ಧ ಗಡ್ಡ ಮಾತ್ರ ಉಳಿದಿತ್ತು.

“ಥೂ, ಇವರ ಜನ್ಮಕ್ಕಿಷ್ಟು!” ಅಂದಳು ಆಶಾರಾಣಿ. ವಾಚ್‌ಮನ್ ಪಿಳ್ಳಣ್ಣ ಬೆಚ್ಚಿ ತಿರುಗಿ ನೋಡಿದ.

ಆಶಾರಾಣಿ ಆ ಕಾಲೇಜಿನ ಹುಡುಗಿಯರ ತಂಡಕ್ಕೆ ಕೋಚು. ಕಾಯಂ ಅಲ್ಲ, ಪ್ರತಿ ಜೂನ್ ತಿಂಗಳು ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಂತು ಇನ್ನೊಂದು ವರ್ಷ ಇಸಿದುಕೊಳ್ಳಬೇಕು. ಹಾಗೆ ಆರು ವರ್ಷ ಆಗಿತ್ತು. ಅದಕ್ಕೂ ಮುಂಚೆ ಅವಳು ಇದೇ ಕೋರ್ಟಿನಲ್ಲಿ ಆಡಿದವಳು, ಇಮಾಮ್ ಸಾಬರ ಕೈಯಲ್ಲಿ ಬೈಸಿಕೊಂಡ ಕೊನೆಯ ಬ್ಯಾಚಿನವಳು.

ಈ ತಂಡ ಅನ್ನುವುದು ಹುಟ್ಟಿದ್ದೇ ಆ ಮನುಷ್ಯನ ಹಟದಿಂದ. ದೇವನಹಳ್ಳಿ ಕೋಟೆಯ ಹಿಂದೆ ಜಾಲಿಮುಳ್ಳು ಬೆಳೆದ ಜಾಗ, ಅದನ್ನು ತಾನೇ ನಿಂತು ಕಡಿಸಿ, ವೆಲ್ಡಿಂಗ್ ಅಂಗಡಿಯವನನ್ನು ಕಾಡಿ ಬೇಡಿ ಎರಡು ಕಂಬ ನಿಲ್ಲಿಸಿದರು. ಕಂಬ ನಿಂತಿತು, ಹುಡುಗಿಯರು ಬರಬೇಕಲ್ಲ? ಚಡ್ಡಿ ಹಾಕಿ ಕುಣಿಯೋಕೆ ನಮ್ಮ ಮಕ್ಕಳನ್ನ ಕಳಿಸಲ್ಲ ಅಂತ ತಾಯಂದಿರು ಬಾಗಿಲು ಹಾಕಿದರು. ಸಾಬರ ಹೆಂಡತಿ ಶರೀಫುನ್ನೀಸಾ ಒಂದು ಥಾನು ನೀಲಿ ಬಟ್ಟೆ ತಂದು, ಕಾಲ್ಗೆಣ್ಣು ಮುಚ್ಚುವ ಹಾಗೆ ಎಲ್ಲರಿಗೂ ಪೈಜಾಮ ಹೊಲಿದು, ತಾನೇ ಮನೆಮನೆಗೆ ಹೋಗಿ ತೋರಿಸಿ ಬಂದಳು. ಬೆಂಗಳೂರಿನ ಕಾಲೇಜುಗಳವರು ಆ ಪೈಜಾಮ ನೋಡಿ ಬಿದ್ದು ಬಿದ್ದು ನಕ್ಕರು. ಆಮೇಲೆ ಪೈಜಾಮದವರ ಕೈಯಲ್ಲಿ ಸೋತು ಸೋತು ನಗು ನಿಂತುಹೋಯಿತು. “ಅರೇ, ಬಾಲೇನು ನಿನ್ ಕೂಸಾ? ತಬ್ಕೊಂಡು ನಿಂತಿದೀಯ! ಪಾಸ್ ಮಾಡೇ!” ಅಂತ ಸಾಬರು ಕೂಗಿದರೆ ಕೋಟೆ ಗೋಡೆಯ ಮೇಲಿನ ಪಾರಿವಾಳ ಹಾರುತ್ತಿದ್ದವು.

ಅವರು ರಿಟೈರಾದ ಮೇಲೆ ಕೋಚಾಗಿ ಬಂದವನು ಉಮಾಶಂಕರ. ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ ಅದು. ದೇವನಹಳ್ಳಿಯಲ್ಲಿ ಹಲ್ಲಿಲ್ಲದ ಮುದುಕನೂ ಬ್ರೋಕರ್ ಆಗಿದ್ದ. ಉಮಾಶಂಕರನಿಗೆ ಹಲ್ಲೂ ಇತ್ತು, ನಾಲಿಗೆಯೂ ಇತ್ತು. ಬೈಕಿನಲ್ಲಿ ಬಂದವನು ಕಪ್ಪು ಕಾರಿನಲ್ಲಿ ಓಡಾಡತೊಡಗಿದ. ಆಟಕ್ಕೆಂದು ಆರಿಸಿದ ಎತ್ತರದ ಹುಡುಗಿಯರನ್ನು ನೋಡಿದರೆ ಅವನಿಗೆ ಆಟ ಕಾಣಲಿಲ್ಲ, ಶೋಭೆ ಕಂಡಿತು. ಉದ್ದ ಉದ್ದ ಹುಡುಗಿಯರು ರೇಷ್ಮೆ ಸೀರೆ ಉಟ್ಟು ಪೂರ್ಣಕುಂಭ ಹಿಡಿದು ಎರಡು ಸಾಲು ನಿಂತರೆ ಫಂಕ್ಷನ್ನಿಗೊಂದು ಕಳೆ ಬರುತ್ತದಂತೆ. ಲೇಔಟ್ ಉದ್ಘಾಟನೆ, ಹೋಟೆಲ್ ಪ್ರಾರಂಭ, ಯಾರೋ ಒಬ್ಬ ಧಣಿಯ ಹುಟ್ಟುಹಬ್ಬ, ಎಲ್ಲದಕ್ಕೂ ತಂಡವೇ ಹೋಗಿ ನಿಲ್ಲಬೇಕು. ಒಲ್ಲೆ ಅಂದವಳು ಮಾರನೆಯ ಮ್ಯಾಚಿಗೆ ಬೆಂಚಿನಲ್ಲಿ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅಂತಾರಲ್ಲ, ಅಕ್ಷರಶಃ ಅದೇ.

ಎರಡು ಸಾವಿರದ ಏಳರಲ್ಲಿ ಆಶಾರಾಣಿ ಆಡುತ್ತಿದ್ದ ತಂಡ ಫೈನಲ್ ತಲುಪಿತು. ದೊಡ್ಡಬಳ್ಳಾಪುರದಲ್ಲಿ ಹನ್ನೊಂದು ಗಂಟೆಗೆ ಆಟ. ಯೂನಿವರ್ಸಿಟಿ ತಂಡಕ್ಕೆ ಆರಿಸುವವರು ಅಲ್ಲೇ ಬಂದು ಕೂರುತ್ತಾರೆ ಅಂತ ಸುದ್ದಿಯಿತ್ತು. ಅದೇ ಬೆಳಿಗ್ಗೆ ಒಂದು ಲೇಔಟಿನ ಉದ್ಘಾಟನೆ. “ಒಂದು ಗಳಿಗೆ ನಿಂತ್ಕೊಂಡು ಹೋಗ್ರಮ್ಮ, ದಾರಿಯಲ್ಲೇ ಐತೆ. ಮಿನಿಸ್ಟ್ರು ಬಂದ ತಕ್ಷಣ ವ್ಯಾನು ನಿಮ್ಮನ್ನ ಮ್ಯಾಚಿಗೆ ಬಿಡ್ತದೆ” ಅಂದ ಉಮಾಶಂಕರ. ನಿಂತರು. ನೀರು ತುಂಬಿದ ಹಿತ್ತಾಳೆ ಬಿಂದಿಗೆ, ಮಾವಿನೆಲೆ, ಮೇಲೊಂದು ತೆಂಗಿನಕಾಯಿ. ಬಿಸಿಲಿನಲ್ಲಿ ತೋಳು ಸೋತು ನಡುಗಿದರೂ ನಿಂತರು. ಹನ್ನೊಂದಾಯಿತು, ಹನ್ನೆರಡಾಯಿತು. ಮಂತ್ರಿ ಬಂದದ್ದು ಊಟದ ಹೊತ್ತು ದಾಟಿದ ಮೇಲೆ. ಅಷ್ಟರಲ್ಲಿ ದೊಡ್ಡಬಳ್ಳಾಪುರದಲ್ಲಿ ಎದುರು ತಂಡಕ್ಕೆ ಆಡದೆಯೇ ಕಪ್ಪು ಕೊಟ್ಟು ಕಳಿಸಿದ್ದರು.

ಆಶಾರಾಣಿಯನ್ನು ಇವತ್ತಿಗೂ ಕುದಿಸುತ್ತಿದ್ದದ್ದು ಉಮಾಶಂಕರನ ಮೋಸ ಮಾತ್ರ ಅಲ್ಲ. ಅವತ್ತು ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ. ವ್ಯಾನು ಅಲ್ಲೇ ನಿಂತಿತ್ತು. ಉಮಾಶಂಕರ ಎಲ್ಲೋ ಶಾಮಿಯಾನದ ಹಿಂದೆ ಸೈಟು ತೋರಿಸುತ್ತಿದ್ದ. ಬಿಂದಿಗೆ ಕೆಳಗಿಟ್ಟು ಹತ್ತಿ ಹೋಗಬಹುದಿತ್ತು. ಆದರೆ ಅತಿಥಿ ಬರುವ ಮುಂಚೆ ಪೂರ್ಣಕುಂಭ ನೆಲಕ್ಕಿಟ್ಟರೆ ಕೇಡು ಅಂತ ಹುಟ್ಟಿದಾಗಿನಿಂದ ಕೇಳಿದ್ದರಲ್ಲ, ಒಬ್ಬಳಾದರೂ ಕೆಳಗಿಡಲಿಲ್ಲ. ಲಕ್ಷಣವಾಗಿ ಅತ್ತುಕೊಂಡು ನಿಂತಿದ್ದರು. ಸಂಜೆ ಸೀರೆಗಳನ್ನೂ ಬಿಚ್ಚಿಸಿಕೊಂಡರು, ಅವೂ ಬಾಡಿಗೆಯವು. ಆ ತಂಡ ಮತ್ತೆ ಒಟ್ಟಾಗಿ ಆಡಲಿಲ್ಲ.

ಈಗ, ಹನ್ನೆರಡು ವರ್ಷದ ಮೇಲೆ, ಆಶಾರಾಣಿಯ ಹುಡುಗಿಯರು ಫೈನಲ್ ತಲುಪಿದ್ದರು. ಅದೇ ದೊಡ್ಡಬಳ್ಳಾಪುರ, ಅದೇ ಹನ್ನೊಂದು ಗಂಟೆ. ಮತ್ತು ಅದೇ ದಿನ ಬೆಳಿಗ್ಗೆ ಹತ್ತಕ್ಕೆ, ಕೋಚಿಂಗ್ ಬಿಟ್ಟು ಪೂರಾ ಸೈಟಿನ ವ್ಯಾಪಾರಕ್ಕೆ ಇಳಿದಿದ್ದ ಉಮಾಶಂಕರ ಹಾಕಿಸಿಕೊಟ್ಟ ಕೋರ್ಟಿನ ಹೊಸ ಚಾವಣಿಗೆ ಅವನದೇ ಹೆಸರಿಡುವ ಸಮಾರಂಭ! ಚೀಫ್ ಗೆಸ್ಟೂ ಅವನೇ.

ಹಿಂದಿನ ದಿನ ಪ್ರಿನ್ಸಿಪಾಲ್ ಶ್ರೀಧರ್ ಅವಳನ್ನು ಕರೆಸಿದ್ದರು.

“ನಿಮ್ಮ ಹುಡುಗಿಯರು ಹೈಟಾಗಿದಾರೆ. ಪೂರ್ಣಕುಂಭಕ್ಕೆ ಅವರೇ ಇರಲಿ ಅಂತ ಚೀಫ್ ಗೆಸ್ಟ್ ಕಡೆಯಿಂದ ಹೇಳಿಕಳಿಸಿದಾರೆ.”

“ನಾಳೆ ಫೈನಲ್ ಐತೆ ಸಾರ್.”

“ಹತ್ತಕ್ಕೆ ಸ್ವಾಗತ, ಹತ್ತೂಕಾಲಿಗೆ ನೀವು ಫ್ರೀ. ಅರ್ಧ ಗಂಟೆ ದಾರಿ.”

“ಅವರು ಯಾವತ್ತು ಸಾರ್ ಹೇಳಿದ ಹೊತ್ತಿಗೆ ಬಂದವ್ರೆ?”

ಶ್ರೀಧರ್ ಕನ್ನಡಕ ತೆಗೆದು ಒರೆಸಿಕೊಂಡರು. “ಆಶಾರಾಣಿಯವರೇ, ಜೂನ್ ಹತ್ತಿರ ಬಂತು. ನಿಮ್ಮ ವಿಷಯ ಕಮಿಟಿ ಮುಂದೆ ಇಡೋನು ನಾನೇ. ಕಮಿಟಿಯಲ್ಲಿ ಯಾರಿದಾರೆ ಅಂತ ನಿಮಗೆ ಗೊತ್ತು.”

ಗೊತ್ತಿಲ್ಲದೆ ಏನು, ಕಮಿಟಿ ಅಂದರೆ ಉಮಾಶಂಕರ ಅಂತ ಊರಿಗೇ ಗೊತ್ತು. ಆಶಾರಾಣಿ ತುಟಿ ಕಚ್ಚಿಕೊಂಡು ಹೂಂ ಅಂದಳು. ಆ ‘ಹೂಂ’ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಯಾವ ಬಾಯಲ್ಲಿ ಹೇಳಿದೆನೇ ಮೂದೇವಿ ಅಂತ ತನ್ನನ್ನು ತಾನೇ ಬೈದುಕೊಂಡಳು.

ಬೆಳಿಗ್ಗೆ ಹುಡುಗಿಯರು ಜೆರ್ಸಿಯ ಮೇಲೆಯೇ ಸೀರೆ ಸುತ್ತಿಕೊಂಡು ಗೇಟಿನಿಂದ ಕೋರ್ಟಿನವರೆಗೆ ಎರಡು ಸಾಲು ನಿಂತರು. ಸೀರೆಯ ಕೆಳಗೆ ಬೂಟು ಇಣುಕುತ್ತಿತ್ತು. ತಮಾಷೆ ಮಾಡುತ್ತಲೇ ನಿಂತಿದ್ದರು: “ಲೇ, ನಂಗೆ ಮದ್ವೆ ಫಿಕ್ಸ್ ಆಯ್ತು ಕಣೇ”, “ಗಂಡು ಯಾರೇ, ಆ ಫ್ಲೆಕ್ಸಲ್ಲಿರೋ ತಾತಾನಾ?” ಅಂತ. ಹತ್ತು ಹೊಡೆಯಿತು. ತಮಾಷೆ ನಿಂತಿತು. ಗೋಡೆಯ ಪಕ್ಕ ಖಲೀಲನ ಟೆಂಪೋ ಟ್ರಾವೆಲರ್ ಕಾಯುತ್ತಿತ್ತು. ಏರ್‌ಪೋರ್ಟಿಗೆ ಬಾಡಿಗೆ ಓಡಿಸುವ ಖಲೀಲ ಇಮಾಮ್ ಸಾಬರ ಕೊನೆಯ ಮಗ. ತಂಡವನ್ನು ಎಲ್ಲಿಗೆ ಕರೆದೊಯ್ಯಬೇಕಾದರೂ ಅವನೇ ಬರುತ್ತಿದ್ದ.

ಶ್ರೀಧರ್ ಫೋನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದರು. “ಟೋಲ್ ಹತ್ರ ಇದಾರಂತೆ, ಬಂದ್ಬಿಟ್ರು, ಬಂದೇಬಿಟ್ರು.”

ಟೋಲ್ ಹತ್ತಿರ! ಹನ್ನೆರಡು ವರ್ಷದ ಹಿಂದೆಯೂ ಮಂತ್ರಿ ಹೀಗೇ ಬರುತ್ತಲೇ ಇದ್ದ. ಹತ್ತೂಕಾಲಾಯಿತು, ಹತ್ತೂವರೆಯೂ ದಾಟಿತು. ತಂಡದ ಕ್ಯಾಪ್ಟನ್ ಅಕ್ಷತ ಕೋಚಿನ ಮುಖವನ್ನೇ ನೋಡುತ್ತಿದ್ದಳು. ಅವಳ ಬಿಂದಿಗೆಯ ನೀರು ತುಳುಕಿ ಸೆರಗು ಒದ್ದೆಯಾಗಿತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದ ನಿಶತ್, ತಂಡದಲ್ಲೇ ಎಲ್ಲರಿಗಿಂತ ಎತ್ತರದವಳು, ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಲ್ಲಗೆ ಕೇಳಿದಳು.

“ಮೇಡಂ, ಇದನ್ನ ಕೆಳಗಿಟ್ರೆ ಏನಾಗ್ತದೆ?”

ಉಳಿದವರು “ಶ್ಶ್, ಇಡಬಾರ್ದು ಕಣೇ!” ಅಂದರು. ಪಾಪ, ಅವಳ ಮನೆಯಲ್ಲಿ ಪೂರ್ಣಕುಂಭ ಇಲ್ಲ, ಗೊತ್ತಿಲ್ಲದೆ ಕೇಳಿದಳು.

ಆಶಾರಾಣಿ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಳು. ಏನಾಗುತ್ತದೆ? ಅವತ್ತು ಒಬ್ಬರೂ ಕೆಳಗಿಡಲಿಲ್ಲವಲ್ಲ, ಯಾವ ಕೇಡು ತಪ್ಪಿತು? ಆದದ್ದೆಲ್ಲ ಕೇಡೇ ಆಗಿತ್ತಲ್ಲ! ಅವಳ ಸಿಟ್ಟು ಒಂದೇ ಸಲಕ್ಕೆ ಬಾಯಿಗೆ ಬಂತು.

“ಇಡೇ ಕೆಳಗೆ! ಎಲ್ಲಾರೂ ಇಡ್ರೇ! ನಿಂತಲ್ಲೇ ಇಡ್ರಿ! ಏನೂ ಆಗಲ್ಲ, ಆಗೋದಿದ್ರೆ ನನಗಾಗ್ಲಿ! ಗಾಡಿ ಹತ್ರಿ!”

ಮೊದಲು ನಿಶತಳದು ನೆಲಕ್ಕೆ ಮುಟ್ಟಿತು. ಆಮೇಲೆ ಅಕ್ಷತಳದು. ಆಮೇಲೆ ಟಣ್ ಟಣ್ ಅಂತ ಸಾಲಿಗೆ ಸಾಲೇ. ಸೀರೆ ಮೊಣಕಾಲಿಗೆ ಎತ್ತಿಕೊಂಡು ಹುಡುಗಿಯರು ಓಡಿದರು.

“ಏಯ್, ಏಯ್! ಏನ್ರೀ ಇದು! ಆಶಾರಾಣಿ!” ಶ್ರೀಧರ್ ಹಿಂದೆ ಓಡಿಬಂದರು. “ಜೂನ್ ತಿಂಗಳು ನೆನಪಿರಲಿ!”

“ಜೂನ್ ತಿಂಗಳನ್ನ ನೀವೇ ಇಟ್ಕೊಳಿ ಸಾರ್!”

ಟೆಂಪೋ ಗೇಟಿಗೆ ಬರುವುದಕ್ಕೂ ಹೊರಗಿನಿಂದ ಬಿಳಿ ಕಾರೊಂದು ನುಗ್ಗುವುದಕ್ಕೂ ಸರಿಹೋಯಿತು. ಗೇಟಿನಲ್ಲಿ ಒಂದೇ ಗಾಡಿಗೆ ಜಾಗ. ಕಾರಿನವನು ಹಾರ್ನ್ ಹೊಡೆದ. ಖಲೀಲ ಅದಕ್ಕಿಂತ ಜೋರಾಗಿ ಹೊಡೆದ. ಕೊನೆಗೆ ಕಾರಿನಿಂದ ಉಮಾಶಂಕರನೇ ಇಳಿದ. ಬಿಳಿ ಅಂಗಿ, ಹೊಟ್ಟೆ, ಫ್ಲೆಕ್ಸಿನದೇ ನಗು. ಆಶಾರಾಣಿಯೂ ಇಳಿದಳು.

“ಓಹೋ, ಆಶಾ! ಏನಮ್ಮಾ, ನಮ್ಮನ್ನ ಕರೆಯೋಕೆ ಗಾಡಿ ಬೇರೆ ತಂದಿದೀಯ?”

“ಗಾಡಿ ಹಿಂದಕ್ಕೆ ತಗೊಳಿ ಸಾರ್. ಹುಡುಗೀರಿಗೆ ಫೈನಲ್ ಐತೆ.”

“ಸ್ವಾಗತ ಮುಗಿಸ್ಕೊಂಡು ಹೋಗ್ಲಿ ಬಿಡು, ಮ್ಯಾಚೆಲ್ಲಿಗೆ ಓಡೋಗ್ತದೆ?”

“ಒಂದ್ಸಲ ಓಡೋಯ್ತಲ್ಲ ಸಾರ್. ಎರಡು ಸಾವಿರದ ಏಳರಲ್ಲಿ. ನಾನೂ ಅದ್ರಲ್ಲಿದ್ದೆ.”

ಉಮಾಶಂಕರ ಹುಬ್ಬು ಗಂಟಿಕ್ಕಿ ಯೋಚಿಸಿದ. ನಟನೆಯಲ್ಲ, ನಿಜವಾಗಿಯೇ ಯೋಚಿಸಿದ. “ಯಾವ ಮ್ಯಾಚಮ್ಮ?”

“ಲೇಔಟ್ ಓಪನಿಂಗ್ ದಿನ. ಮಿನಿಸ್ಟ್ರು ತಡವಾಗಿ ಬಂದ್ರಲ್ಲ.”

“ಓ, ಅದಾ!” ಅವನ ಮುಖ ಅರಳಿತು. “ಏನ್ ಫಂಕ್ಷನ್ನು ಅದು! ಸಂಜೆ ಒಳಗೆ ಒಂದು ಸೈಟೂ ಉಳೀಲಿಲ್ಲ ನೋಡು! ಮ್ಯಾಚಿತ್ತಾ ಅವತ್ತು?”

ಆಶಾರಾಣಿಗೆ ಕಣ್ಣು ಕತ್ತಲೆ ಕಟ್ಟಿತು. ಹನ್ನೆರಡು ವರ್ಷ ಅವಳು ಇವನನ್ನು ಮನಸಿನಲ್ಲೇ ನಿಲ್ಲಿಸಿಕೊಂಡು ಬೈದಿದ್ದಳು, ಶಪಿಸಿದ್ದಳು, ಜಗಳ ಆಡಿದ್ದಳು. ಈ ಮನುಷ್ಯನಿಗೆ ಬಯ್ಯಿಸಿಕೊಳ್ಳುವಷ್ಟೂ ನೆನಪಿಲ್ಲ! ಅವರ ಬಾಳನ್ನು ಮುರಿದು ಹಾಕಿ, ಮುರಿದದ್ದು ಗೊತ್ತೂ ಆಗದೆ ಊಟ ಮಾಡಿ ಮನೆಗೆ ಹೋಗಿದ್ದಾನೆ.

“ಹಿಂದಕ್ಕೆ ತಗೊಳ್ರೀ ಗಾಡೀನ!” ಅವಳು ಕಿರುಚಿದ ರೀತಿಗೆ ಕೋಟೆಯ ಪಾರಿವಾಳ ಹಾರಿದವು. ಬಾನೆಟ್ಟಿನ ಮೇಲೆ ಎರಡೂ ಕೈ ಬಡಿದಳು. “ತಗೊಳ್ತೀರೋ ಇಲ್ವೋ! ನಾನಿಲ್ಲೇ ಮಲಗ್ತೀನಿ, ನನ್ನ ಮೇಲೆ ಹತ್ತಿಸ್ಕೊಂಡು ಹೋಗ್ರಿ ಸನ್ಮಾನಕ್ಕೆ!”

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡತೊಡಗಿದರು. ಒಬ್ಬ ಫೋನು ತೆಗೆದ. ಫೋನು ಕಂಡ ಕೂಡಲೇ ಉಮಾಶಂಕರನ ನಗು ಇಳಿಯಿತು. “ತಲೆ ಕೆಟ್ಟೈತೆ ಇವಳಿಗೆ, ತಗೊಳಪ್ಪ ಹಿಂದಕ್ಕೆ” ಅಂದ ಡ್ರೈವರಿಗೆ. ಕಾರು ಹಿಂದೆ ಸರಿಯಿತು. ಪಿಳ್ಳಣ್ಣ ಯಾರೂ ಹೇಳದೆಯೇ ಗೇಟನ್ನು ಪೂರಾ ಅಗಲಿಸಿದ.

ಖಲೀಲ ಹೇಗೆ ಓಡಿಸಿದನೋ ಅವನಿಗೇ ಗೊತ್ತು. ಗಾಡಿಯೊಳಗೆ ಸೀರೆ ಬಿಚ್ಚಿ ಎಸೆದು, ಹುಡುಗಿಯರು ತಲೆಯಲ್ಲಿ ಮಲ್ಲಿಗೆ ಮುಡಿದುಕೊಂಡೇ ಕೋರ್ಟಿಗೆ ಇಳಿದರು. ರೆಫರಿ ಆಗಲೇ ಎರಡು ಸಲ ವಾಚು ನೋಡಿಕೊಂಡಿದ್ದ.

ಆಡಿದರು. ಹೊಡೆದರು, ಬಿದ್ದರು, ಎದ್ದರು. ಮೊದಲರ್ಧ ತೋಳು ಸೋತೇ ಇದ್ದವು. ಬಿಂದಿಗೆ ಹೊತ್ತ ತೋಳು ಬೇಗ ಎಲ್ಲಿ ಏಳುತ್ತದೆ? ಕೊನೆಯಲ್ಲಿ ಬೆನ್ನಟ್ಟಿ ಹಿಡಿದೇಬಿಟ್ಟರು ಅನ್ನುವಷ್ಟರಲ್ಲಿ ಅಕ್ಷತಳ ಕೈಯಿಂದ ಹೋದ ಚೆಂಡು ರಿಂಗಿನ ಮೇಲೆ ಸುತ್ತಿ ಹೊರಗೆ ಬಿತ್ತು. ಒಂದೇ ಬುಟ್ಟಿಯಲ್ಲಿ ಸೋತರು.

ಸಂಜೆ ಕಾಲೇಜಿಗೆ ವಾಪಸು ಬಂದಾಗ ಶಾಮಿಯಾನ ಬಿಚ್ಚಿಯಾಗಿತ್ತು. ಕೋರ್ಟಿನ ಚಾವಣಿಯ ಮೇಲೆ ಉಮಾಶಂಕರನ ಹೆಸರು ಹೊಳೆಯುತ್ತಿತ್ತು. ಆದರೆ ಬಿಂದಿಗೆಗಳು ಬೆಳಿಗ್ಗೆ ಇಟ್ಟಲ್ಲೇ ಎರಡು ಸಾಲು ನಿಂತಿದ್ದವು. ಕೆಳಗಿಟ್ಟ ಪೂರ್ಣಕುಂಭ ಮುಟ್ಟಿದರೆ ತಮಗೆಲ್ಲಿ ಸುತ್ತಿಕೊಳ್ಳುತ್ತದೋ ಅಂತ ಒಬ್ಬರೂ ಮುಟ್ಟಿರಲಿಲ್ಲ. ಚೀಫ್ ಗೆಸ್ಟೂ ಆ ಸಾಲುಗಳ ನಡುವೆ ಕಾಲಿಡಲು ಹೆದರಿ ಪಕ್ಕದ ಚರಂಡಿ ಅಂಚಿನಲ್ಲಿ ಪಂಚೆ ಎತ್ತಿಕೊಂಡು ಒಳಗೆ ಹೋದರು ಅಂತ ಪಿಳ್ಳಣ್ಣ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ಹೇಳಿದ. ಪ್ರಿನ್ಸಿಪಾಲರು ನಾಳೆಯಿಂದ ಮೇಡಮ್ಮೋರು ಬರೋದು ಬೇಡ ಅಂದವ್ರೆ ಅನ್ನುವುದನ್ನೂ ಹೇಳಿದ. ಅದನ್ನು ಹೇಳುವಾಗ ಟವಲು ಕೆಳಗಿಳಿಸಿದ್ದ.

ಅಕ್ಷತ ಸಿಟ್ಟಿಗೆ ಅಳುತ್ತಿದ್ದಳು. “ಎಲ್ಲಾ ನನ್ನಿಂದಾನೇ ಮೇಡಂ. ನೀವು ಕೆಲಸ ಕಳ್ಕೊಂಡ್ರಿ, ನಾನು ನೋಡಿದ್ರೆ ಮ್ಯಾಚೂ ಕಳ್ದೆ. ಸೋತ್ಬಿಟ್ವಿ.”

“ಸೋತ್ರಿ ಕಣೇ. ಆಡಿ ಸೋತ್ರಿ.” ಆಶಾರಾಣಿಯ ದನಿ ಒಡೆಯಿತು. “ನಮಗೆ ಸೋಲೋಕೂ ಬಿಡ್ಲಿಲ್ಲ ಆ ಬೋಳೀಮಗ.”

ಬಗ್ಗಿ ನಿಶತಳ ಬಿಂದಿಗೆಯ ಕಾಯಿ, ಮಾವಿನೆಲೆ ತೆಗೆದಿಟ್ಟು ಬಿಂದಿಗೆ ಎತ್ತಿಕೊಂಡಳು. ಮನೆ ಬಾಗಿಲಿಗೆ ಬಂದ ನೆಂಟರಿಗೆ ಕಾಲಿಗೆ ನೀರು ಕೊಡುವ ಹಾಗೆ, ಒಬ್ಬೊಬ್ಬಳ ಧೂಳುಗಾಲಿಗೂ ಸುರಿದಳು. ಹುಡುಗಿಯರು “ಅಯ್ಯೋ, ಬೇಡ ಮೇಡಂ” ಅನ್ನುತ್ತಲೇ ಬೂಟು ಕಳಚಿದರು. ಆಮೇಲೆ ಆಶಾರಾಣಿ ತೆಗೆದಿಟ್ಟಿದ್ದ ತೆಂಗಿನಕಾಯಿ ಎತ್ತಿಕೊಂಡು ಹೋಗಿ, ಇಮಾಮ್ ಸಾಬರು ನಿಲ್ಲಿಸಿದ ಹಳೆಯ ಕಂಬಕ್ಕೆ ಇದ್ದಬದ್ದ ಸಿಟ್ಟೆಲ್ಲ ಸೇರಿಸಿ ಅಪ್ಪಳಿಸಿದಳು. ಕಾಯಿ ಎರಡು ಹೋಳಾಯಿತು.

“ತಿನ್ರಿ” ಅಂದಳು. “ಬೆಳಗಿಂದ ಏನೂ ತಿಂದಿಲ್ಲ ನೀವು.”